ಆರಿದ್ರಾ ನಕ್ಷತ್ರದ ಸಮಾಚಾರ

ಆರಿದ್ರಾ ಮಳೆಯ ಹೆಸರನ್ನು ಕೇಳದ ಮನೆ ನಮ್ಮ ನಾಡಿನಲ್ಲಿ ಇರಲಾರದು. ಜೂನ್ ತಿಂಗಳ ೨೨ನೆಯ ತಾರೀಖಿನ ಸುಮಾರಿಗೆ ಸೂರ್ಯನು ಈ ನಕ್ಷತ್ರವನ್ನು ಪ್ರವೇಶಿಸುವನೆಂದು ಪಂಚಾಂಗವು ತಿಳಿಸುವುದು. ಒಕ್ಕಲಿಗನು ಅದನ್ನು ಕೇಳಿಕೊಂಡು ತನ್ನ ಬೇಸಾಯದ ಲೆಕ್ಕವನ್ನು ಹಾಕುವನು. ಆರ್ದ್ರಾ ಎಂದರೆ ನೆನೆದದ್ದು, ಒದ್ದೆಯಾದದ್ದು ಎಂದೇ ಅರ್ಥ. ಆದರೆ ಈ ಹೆಸರನ್ನು ಬಲ್ಲ ನೂರು ಮಂದಿಯಲ್ಲಿ ಆ ನಕ್ಷತ್ರವನ್ನು ಕಣ್ಣಾರೆ ಕಂಡು ಗುರುತಿಸಬಲ್ಲವರು ಎಷ್ಟು ಮಂದಿ ಇದ್ದಾರು? ಇದಕ್ಕಾಗಿ ಜನರನ್ನು ದೂರುವಂತೆಯೂ ಇಲ್ಲ. ಆರಿದ್ರಾ ಮಳೆಯ ದಿನಗಳಲ್ಲಿ ಸೂರ್ಯನು ಆ ನಕ್ಷತ್ರದ ದಿಕ್ಕಿನಲ್ಲಿಯೇ ಇರುವುದರಿಂದ ಅದು ಹಗಲಿನಲ್ಲಿ ಹುಟ್ಟಿ ಹಗಲಿನಲ್ಲಿಯೇ ಮುಳುಗಿಹೋಗುವುದು. ಹೆಸರು ಮಳೆಗಾಲದ್ದು, ದರ್ಶನ ಚಳಿಗಾಲದ್ದು.

ಜನವರಿ ತಿಂಗಳಲ್ಲಿ ರಾತ್ರಿ ಎಂಟು ಗಂಟೆಯ ವೇಳೆಗೆ ಪೂರ್ವಕ್ಕೆ ಮುಖಮಾಡಿ ನಿಂತರೆ ಒಂದೇ ಸಾಲಿನಲ್ಲಿ ಜೋಡಿಸಿಟ್ಟಂತಿರುವ ಮೂರು ಚುಕ್ಕೆಗಳು ಕಾಣುವುವು. ಅದು ಮಹಾವ್ಯಾಧನ ನಡುಪಟ್ಟಿ. ಅದರ ಎಡಗಡೆಗೆ, ಕೆಂಡದ ಬಣ್ಣದಲ್ಲಿ ಹೊಳೆಯುವುದೇ ಆರಿದ್ರೆ. ಪಾಶ್ಚಾತ್ಯರು ಅದನ್ನು ಬೀಟಲ್‌ಜ್ಯೂಸ್ ಎಂದು ಕರೆಯುವರು.

೨೦೨೦ನೆಯ ಜನವರಿಯಲ್ಲಿ ನಾನು ನಮ್ಮ ತಾಯಿಯವರನ್ನು ಮಹಡಿಯ ಮೇಲೆ ಕರೆದುಕೊಂಡು ಹೋಗಿ ಅದನ್ನು ತೋರಿಸಿದೆನು. ಅವರಿಗೆ ಆಗ ಎಂಬತ್ತು ಸಮೀಪಿಸಿತ್ತು. ಬಹಳ ಹೊತ್ತು ನೋಡಿದರು. “ಪಂಚಾಂಗ ನೋಡುವುದರಲ್ಲೇ ನನ್ನ ಆಯುಸ್ಸು ಕಳೆಯಿತು. ತಲೆಯೆತ್ತಿ ಆಕಾಶ ನೋಡು ಎಂದು ಯಾರೂ ಹೇಳಲಿಲ್ಲ ನೋಡು,” ಎಂದರು. ರೋಹಿಣಿಯನ್ನು ಅವರು ಬಲ್ಲರು. ಅದಕ್ಕಿಂತ ಇದು ಮಂಕಾಗಿದೆಯಲ್ಲ ಎಂದು ತಾವಾಗಿಯೇ ಗುರುತಿಸಿದರು. ನಾನು ಅವರನ್ನು ಕರೆದುಕೊಂಡು ಹೋದುದೂ ಅದಕ್ಕಾಗಿಯೇ. ಹಿಂದಿನ ಅಕ್ಟೋಬರಿನಿಂದ ಆರಿದ್ರೆಯ ಕಾಂತಿಯು ದಿನೇ ದಿನೇ ಕುಂದುತ್ತಿತ್ತು. ಫೆಬ್ರವರಿಯ ಹೊತ್ತಿಗೆ ಅದು ಎಂದಿನ ಮೂರರಲ್ಲೊಂದು ಪಾಲಿಗೆ ಇಳಿಯಿತು. ನಕ್ಷತ್ರವು ಸಾಯುತ್ತಿದೆಯೇನೋ ಎಂದು ಪತ್ರಿಕೆಗಳು ಬರೆದವು. ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: “ಈಗ ಅದು ಇದೆಯೋ, ಇಲ್ಲವೋ?”

ಪ್ರಶ್ನೆ ಚಿಕ್ಕದು. ಉತ್ತರ ಹೇಳುವುದಕ್ಕೆ ಸ್ವಲ್ಪ ದೂರ ಹೋಗಬೇಕಾಗುವುದು.

ಬೆಳಕು ಒಂದು ಸೆಕೆಂಡಿಗೆ ಸುಮಾರು ೧,೮೬,೦೦೦ ಮೈಲಿ ಓಡುವುದು. ಈ ವೇಗದಲ್ಲಿ ಸೂರ್ಯನಿಂದ ನಮ್ಮ ಅಂಗಳಕ್ಕೆ ಬರಲು ಅದಕ್ಕೆ ಎಂಟು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹಿಡಿಯುವುದು. ಆರಿದ್ರೆಯಿಂದ ಬರಲು ಐನೂರರಿಂದ ಏಳುನೂರು ವರ್ಷ! ಲೆಕ್ಕದಲ್ಲಿ ಇಷ್ಟು ಅಂತರವೇಕೆ ಎಂದು ವಾಚಕರು ಕೇಳಬಹುದು. ಮುಖದ ಮುಂದೆ ಬೆರಳನ್ನು ಹಿಡಿದು ಒಂದೊಂದು ಕಣ್ಣನ್ನೇ ಮುಚ್ಚಿ ನೋಡಿದರೆ ಬೆರಳು ಅತ್ತಿತ್ತ ಸರಿದಂತೆ ತೋರುವುದಷ್ಟೆ. ಭೂಮಿಯು ಸೂರ್ಯನ ಒಂದು ಮಗ್ಗುಲಿನಲ್ಲಿದ್ದಾಗ ಒಮ್ಮೆ, ಆರು ತಿಂಗಳ ಮೇಲೆ ಇನ್ನೊಂದು ಮಗ್ಗುಲಿಗೆ ಬಂದಾಗ ಒಮ್ಮೆ ನೋಡಿ, ನಕ್ಷತ್ರವು ಎಷ್ಟು ಸರಿಯಿತೆಂದು ಅಳೆದು ದೂರವನ್ನು ಕಂಡುಹಿಡಿಯುವರು. ಆರಿದ್ರೆಯ ವಿಷಯದಲ್ಲಿ ಆ ಸರಿತಕ್ಕಿಂತ ನಕ್ಷತ್ರದ ಬಿಂಬವೇ ಅಗಲವಾಗಿರುವುದು. ಅದರ ಮೈಮೇಲೆ ದೊಡ್ಡ ದೊಡ್ಡ ಪ್ರಕಾಶದ ಕಲೆಗಳು ಏಳುತ್ತಲೂ ಅಡಗುತ್ತಲೂ ಇರುವುವು. ಹೀಗಿರುವಲ್ಲಿ ನಡುವು ಯಾವುದೆಂದು ಹೇಳುವುದೇ ಕಷ್ಟ. ಆದುದರಿಂದ ನಮ್ಮ ತಾಯಿಯವರು ಕಂಡ ಬೆಳಕು ಒಂದು ಲೆಕ್ಕದ ಪ್ರಕಾರ ಹಂಪೆಯಲ್ಲಿ ಕೃಷ್ಣದೇವರಾಯನು ಆಳುತ್ತಿದ್ದಾಗ ಹೊರಟದ್ದು. ಇನ್ನೊಂದರ ಪ್ರಕಾರ ವಿಜಯನಗರವು ಸ್ಥಾಪನೆಯಾಗುವುದಕ್ಕೂ ಮೊದಲೇ ಹೊರಟದ್ದು.

ಆ ಬಿಂಬದ ಅಗಲವನ್ನು ಮೊದಲು ಅಳೆದ ಕಥೆಯು ಸ್ವಾರಸ್ಯವಾದುದು. ೧೯೨೦ನೆಯ ಡಿಸೆಂಬರ್ ೧೩ರ ರಾತ್ರಿ ಅಮೆರಿಕೆಯ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಈ ಕೆಲಸ ಕೈಗೂಡಿತು. ಮೈಕೆಲ್ಸನ್ನರ ಉಪಾಯ, ಪೀಸರ ಕೈ. ನೂರಂಗುಲದ ಕನ್ನಡಿಯುಳ್ಳ ದೂರದರ್ಶಕದ ಬಾಯಿಗೆ ಇಪ್ಪತ್ತು ಅಡಿಯ ಉಕ್ಕಿನ ತೊಲೆಯೊಂದನ್ನು ಅಡ್ಡಲಾಗಿ ಕಟ್ಟಿ, ಅದರ ಮೇಲೆ ಎರಡು ಕನ್ನಡಿಗಳನ್ನಿಟ್ಟು, ಎರಡರ ಬೆಳಕನ್ನೂ ಒಂದೆಡೆ ಕೂಡಿಸಿದರು. ಹಾಗೆ ಕೂಡಿದ ಬೆಳಕಿನಲ್ಲಿ ಸಣ್ಣ ಸಣ್ಣ ಪಟ್ಟೆಗಳು ಕಾಣುವುವು. ಕನ್ನಡಿಗಳನ್ನು ದೂರ ದೂರ ಸರಿಸುತ್ತ ಹೋದಾಗ, ಹತ್ತು ಅಡಿಯ ಅಂತರದಲ್ಲಿ, ಪಟ್ಟೆಗಳು ಮಾಯವಾದವು. ಆ ಅಂತರದಿಂದಲೇ ಬಿಂಬದ ಅಗಲವನ್ನು ಗುಣಿಸಿದರು. ಅದೆಷ್ಟು ಸೂಕ್ಷ್ಮವೆಂದರೆ, ಒಂದು ಅಂಗುಲದ ನಾಣ್ಯವನ್ನು ಎಪ್ಪತ್ತು ಮೈಲಿಯಾಚೆ ಇಟ್ಟು ನೋಡಿದಷ್ಟು. ಸೂರ್ಯನ ಹೊರತು ಬೇರೊಂದು ನಕ್ಷತ್ರದ ಗಾತ್ರವನ್ನು ಮನುಷ್ಯನು ಅಳೆದುದು ಅದೇ ಮೊದಲು.

ಗಾತ್ರವಾದರೋ ಬೆರಗುಗೊಳಿಸುವಂತಹುದು. ಈಗಿನ ಗಣನೆಯಂತೆ ಆರಿದ್ರೆಯ ಅಡ್ಡಳತೆಯು ಸೂರ್ಯನದಕ್ಕಿಂತ ಏಳುನೂರು ಪಟ್ಟಿಗೂ ಮಿಗಿಲು. ಸೂರ್ಯನನ್ನು ಸಾಸಿವೆಯ ಕಾಳೆಂದು ಎಣಿಸಿದರೆ ಆರಿದ್ರೆಯು ಹೆಂಗಸೊಬ್ಬಳ ಎತ್ತರದಷ್ಟು ಅಗಲವಾದ ಗೋಳವಾಗುವುದು. ಅದನ್ನು ತಂದು ಸೂರ್ಯನ ಸ್ಥಾನದಲ್ಲಿಟ್ಟರೆ ಭೂಮಿ ಹೋಗಲಿ, ಮಂಗಳನ ದಾರಿಯೂ ಅದರ ಹೊಟ್ಟೆಯೊಳಗೆ ಸೇರಿಹೋಗುವುದು. ಆದರೆ ತೂಕದಲ್ಲಿ ಅದು ಹದಿನೈದಿಪ್ಪತ್ತು ಸೂರ್ಯರಷ್ಟು ಮಾತ್ರ. ಹೀಗಾಗಿ ಅದರ ಮೈ ಸರಾಸರಿಯಲ್ಲಿ ನಾವು ಉಸಿರಾಡುವ ಗಾಳಿಗಿಂತ ಸಾವಿರಾರು ಪಟ್ಟು ತೆಳುವಾದುದು.

ವಯಸ್ಸಿನಲ್ಲಿ ಇದು ಸೂರ್ಯನ ಮುಂದೆ ಹಸುಗೂಸು. ಸೂರ್ಯನಿಗೆ ೪೬೦ ಕೋಟಿ ವರ್ಷ. ಆರಿದ್ರೆಗೆ ಒಂದು ಕೋಟಿಯ ಆಸುಪಾಸು. ಆದರೂ ಮುಪ್ಪು ಬಂದಿರುವುದು ಇದಕ್ಕೇ. ದೊಡ್ಡ ಆಸ್ತಿಯ ಮನೆಯಲ್ಲಿ ದುಂದು ಹೆಚ್ಚಾಗಿ ಒಂದೇ ತಲೆಯಲ್ಲಿ ಎಲ್ಲವೂ ಕರಗಿಹೋಗುವುದನ್ನೂ, ಬಡ ಸಂಸಾರವು ಕೈಬಿಗಿಹಿಡಿದು ತಲೆಮಾರುಗಳ ಕಾಲ ಬಾಳುವುದನ್ನೂ ನಾವು ಕಂಡಿಲ್ಲವೆ? ನಕ್ಷತ್ರಗಳ ನಡೆಯೂ ಹಾಗೆಯೇ. ತೂಕ ಹೆಚ್ಚಿದಷ್ಟೂ ಉರಿ ಹೆಚ್ಚು, ಆಯುಸ್ಸು ಕಡಿಮೆ. ಆರಿದ್ರೆಯ ಗರ್ಭದಲ್ಲಿದ್ದ ಹೈಡ್ರೋಜನ್ ಆಗಲೇ ತೀರಿದೆ.

ಹಾಗಾದರೆ ೨೦೨೦ರಲ್ಲಿ ಅದು ಆರುತ್ತಿತ್ತೆ? ಇಲ್ಲ. ಚಿಲಿ ದೇಶದ ಮರುಭೂಮಿಯಲ್ಲಿರುವ ಯೂರೋಪಿಯನ್ನರ ಮಹಾ ದೂರದರ್ಶಕವು ಆ ತಿಂಗಳುಗಳಲ್ಲಿ ತೆಗೆದ ಚಿತ್ರಗಳಲ್ಲಿ ನಕ್ಷತ್ರದ ದಕ್ಷಿಣಾರ್ಧವು ಮಾತ್ರ ಕಪ್ಪಾಗಿ ಕಂಡಿತು. ನಕ್ಷತ್ರವು ತನ್ನ ಮೈಯಿಂದ ಒಂದು ದೊಡ್ಡ ಅನಿಲದ ಗುಳ್ಳೆಯನ್ನು ಹೊರಕ್ಕೆ ಉಗುಳಿತ್ತು. ಅನಂತರ ಮೈಯ ಒಂದು ಭಾಗ ತಣ್ಣಗಾಗಲು, ಆ ಅನಿಲವು ಹೆಪ್ಪುಗಟ್ಟಿ ಧೂಳಾಗಿ ನಮಗೂ ಅದಕ್ಕೂ ನಡುವೆ ತೆರೆಯಂತೆ ನಿಂತಿತ್ತು. ೨೦೨೧ರಲ್ಲಿ ಈ ವಿವರಣೆಯು ಪ್ರಕಟವಾಯಿತು. ದೀಪ ಆರಿರಲಿಲ್ಲ, ಹೊಗೆ ಕವಿದಿತ್ತು.

ಆದರೆ ಆರುವ ದಿನವೊಂದು ಬಂದೇ ತೀರುವುದು. ಗರ್ಭದಲ್ಲಿ ಒಂದಾದ ಮೇಲೊಂದು ವಸ್ತು ಉರಿದು ಕೊನೆಗೆ ಕಬ್ಬಿಣವಾದಾಗ ಉರಿಯುವುದಕ್ಕೆ ಏನೂ ಉಳಿಯದು. ಆಗ ನಡುಗರ್ಭವು ಒಂದು ಸೆಕೆಂಡಿನೊಳಗಾಗಿ ಕುಸಿದು, ನಕ್ಷತ್ರವು ಸಿಡಿಯುವುದು. ೧೦೫೪ರಲ್ಲಿ, ಕಲ್ಯಾಣದಲ್ಲಿ ಚಾಲುಕ್ಯ ಸೋಮೇಶ್ವರನು ಆಳುತ್ತಿದ್ದ ಕಾಲಕ್ಕೆ, ಆರಿದ್ರೆಗೆ ಬಹುದೂರವಲ್ಲದ ವೃಷಭನ ಕೊಂಬಿನ ಬಳಿ ಇಂತಹದೊಂದು ಸಿಡಿದುದನ್ನು ಚೀನೀಯರು ಕಂಡು ಬರೆದಿಟ್ಟಿದ್ದಾರೆ. ಅದು ೨೩ ದಿನ ಹಗಲಿನಲ್ಲಿಯೂ ಕಾಣುತ್ತಿತ್ತಂತೆ. ಆರಿದ್ರೆಯು ಅದಕ್ಕಿಂತ ಹತ್ತು ಪಟ್ಟು ಸಮೀಪದಲ್ಲಿರುವುದರಿಂದ ಇದರ ಕಾಂತಿಯು ಇನ್ನೂ ಹೆಚ್ಚಾಗಿದ್ದೀತು. ಆದರೂ ನಮ್ಮ ಮನೆಮಾರಿಗೆ ಭಯವಿಲ್ಲ; ಅಷ್ಟು ದೂರದ ಬೆಂಕಿಯ ಬಿಸಿ ಇಲ್ಲಿಗೆ ತಾಗದು. ಯಾವಾಗ ಎಂಬ ಪ್ರಶ್ನೆಗೆ, ಇನ್ನೊಂದು ಲಕ್ಷ ವರ್ಷದೊಳಗೆ ಎಂಬುದು ಅನೇಕ ವಿಜ್ಞಾನಿಗಳ ಅಂದಾಜು.

ಸಿಡಿದರೆ ಮೊದಲ ಸುದ್ದಿಯು ಕಣ್ಣಿಗೆ ಬಾರದು. ಕುಸಿದ ಗರ್ಭದಿಂದ ನ್ಯೂಟ್ರಿನೋ ಎಂಬ ಕಣಗಳು ತಡೆಯಿಲ್ಲದೆ ಹೊರಬೀಳುವುವು. ಬೆಳಕಾದರೋ ಸ್ಫೋಟವು ನಕ್ಷತ್ರದ ಮೇಲ್ಮೈಗೆ ಬರುವ ತನಕ ಕಾಯಬೇಕು. ೧೯೮೭ನೆಯ ಫೆಬ್ರವರಿ ೨೩ರಂದು ನೆರೆಯ ತಾರಾಮಂಡಲವೊಂದರಲ್ಲಿ ಸಿಡಿದ ನಕ್ಷತ್ರದ ಸುದ್ದಿಯು, ಬೆಳಕಿಗಿಂತ ಕೆಲವು ಗಂಟೆ ಮೊದಲೇ, ಜಪಾನಿನ ಕಾಮಿಯೋಕ ಗಣಿಯ ಆಳದಲ್ಲಿದ್ದ ನೀರಿನ ತೊಟ್ಟಿಗೆ ಮುಟ್ಟಿತ್ತು. ಸಿಕ್ಕಿದ ಕಣಗಳು ಹನ್ನೊಂದೇ.

ಇಷ್ಟನ್ನೆಲ್ಲ ಹೇಳಿ, “ಅಮ್ಮ, ಈಗ ಅದು ಇದೆಯೋ ಇಲ್ಲವೋ ಭೂಮಿಯ ಮೇಲೆ ಯಾರೂ ಹೇಳಲಾರರು. ಇರುವುದೇ ಹೆಚ್ಚು ಸಂಭವ. ಆದರೆ ನಮಗೆ ಕಾಣುವುದು ಹಳೆಯ ಕಾಗದ,” ಎಂದೆನು. ಅವರು ಸೆರಗನ್ನು ಹೊದ್ದುಕೊಂಡು ಇನ್ನೂ ಸ್ವಲ್ಪ ಹೊತ್ತು ಅಲ್ಲಿಯೇ ನಿಂತರು.

ಏಪ್ರಿಲಿನ ಹೊತ್ತಿಗೆ ಆರಿದ್ರೆಯು ಮೊದಲಿನ ಕಾಂತಿಗೆ ಮರಳಿತು. ಸಂಜೆ ಪಡುವಣದಲ್ಲಿ ಅದನ್ನು ನೋಡಿ ದೀಪ ಹಚ್ಚುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಮೇ ತಿಂಗಳು ಕಳೆಯುವ ವೇಳೆಗೆ ಅದು ಸಂಜೆಗೆಂಪಿನಲ್ಲಿ ಕರಗಿ ಕಾಣದಾಯಿತು. ಜೂನಿನಲ್ಲಿ, ಪಂಚಾಂಗದಲ್ಲಿ ಬರೆದಿದ್ದ ಪ್ರಕಾರ, ಆರಿದ್ರಾ ಮಳೆ ಹುಟ್ಟಿತು.