ಬೆಲ್ಟು ಹರಿದದ್ದು ಎಲ್ಲಿ?

ನನ್ನ ಮೇಜಿನ ಮೇಲೆ ಕೈಗಡಿಯಾರದ ಎರಡು ಬೆಲ್ಟುಗಳಿವೆ. ಒಂದನ್ನು ಆರು ವರ್ಷ ದಿನವೂ ಕಟ್ಟಿಕೊಂಡಿದ್ದೇನೆ. ಬಕಲಿನ ಮುಳ್ಳು ಕೂರುತ್ತಿದ್ದ ಮೂರನೆಯ ತೂತು ತುಸು ಉದ್ದವಾಗಿದೆ, ಅಂಚುಗಳು ನುಣ್ಣಗಾಗಿ ಹೊಳೆಯುತ್ತಿವೆ, ಒಳಮೈಯ ಅಕ್ಷರಗಳು ಬೆವರಿಗೆ, ತಿಕ್ಕಾಟಕ್ಕೆ ಅಳಿಸಿಹೋಗಿವೆ. ಇನ್ನೊಂದು ಅದೇ ವರ್ಷ ಕೊಂಡದ್ದು. ಮುಂದೆ ಬೇಕಾದೀತು ಎಂದು ಪ್ಲಾಸ್ಟಿಕ್ ಚೀಲ ಬಿಚ್ಚದೆ ಬೀರುವಿನಲ್ಲಿಟ್ಟಿದ್ದೆ. ಮೊನ್ನೆ ಹೊರತೆಗೆದು ಬಗ್ಗಿಸಿದರೆ ರಸ್ಕಿನ ಹಾಗೆ ಮುರಿಯಿತು. ಮುರಿದ ಜಾಗ ಬೆರಳಿಗೆ ಪಾಕದಂತೆ ಅಂಟಿತು. ಆರು ವರ್ಷ ದುಡಿದದ್ದು ಗಟ್ಟಿಯಾಗಿದೆ, ಒಂದು ದಿನವೂ ಕೈಗೇರದ್ದು ಸತ್ತಿದೆ.

ಇಂಥ ಬೆಲ್ಟು ಹಿಡಿದುಕೊಂಡು ವಾಚಿನ ಅಂಗಡಿಗೆ ಹೋದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ರಬ್ಬರ್ ಅಲ್ವಾ ಸಾರ್, ಹಾಗೇ ಆಗೋದು." ಇದು ಉತ್ತರವಲ್ಲ. ಹಾಳಾದ ಬೆಲ್ಟಿನ ಮುಂದೆ ಮೂರು ಬೇರೆಬೇರೆ ಸಂಗತಿಗಳು ನಿಂತಿರಬಹುದು. ಬಳಸಿ ಸವೆದದ್ದು ಒಂದು. ಬಳಸದಿದ್ದರೂ ವಯಸ್ಸಾದದ್ದು ಇನ್ನೊಂದು. ಹುಟ್ಟುವಾಗಲೇ ಅಚ್ಚಿನಲ್ಲಿ ಕೆಟ್ಟದ್ದು ಮತ್ತೊಂದು. ಕೊಂಡವರು ಮೂರನ್ನೂ "ಮಾಲೇ ಸರಿಯಿಲ್ಲ" ಎನ್ನುತ್ತಾರೆ, ಮಾರಿದವರು ಮೂರನ್ನೂ "ಬಳಸಿ ಹಾಳಾಗಿದೆ" ಎನ್ನುತ್ತಾರೆ. ಬೆಲ್ಟನ್ನೇ ಕೇಳಿದರೆ ಅದು ಬಹುಮಟ್ಟಿಗೆ ನಿಜ ಹೇಳುತ್ತದೆ. ಎಷ್ಟು ದಿನಕ್ಕೆ ಹಾಳಾಯಿತು ಎನ್ನುವುದಕ್ಕಿಂತ ಎಲ್ಲಿ ಹಾಳಾಯಿತು ಎಂದು ನೋಡಬೇಕು.

ಅದಕ್ಕೆ ಮೊದಲು "ರಬ್ಬರ್" ಎಂಬ ಮಾತನ್ನು ಬಿಡಿಸಿಕೊಳ್ಳಬೇಕು. ಸುಳ್ಯ, ಪುತ್ತೂರಿನ ತೋಟಗಳಲ್ಲಿ ನಸುಕಿಗೇ ಮರ ಟ್ಯಾಪಿಂಗ್ ಮಾಡಿ, ಚಿಪ್ಪಿನಲ್ಲಿ ಬಿದ್ದ ಹಾಲಿಗೆ ಆಸಿಡ್ ಬೆರೆಸಿ, ಹೆಪ್ಪುಗಟ್ಟಿದ್ದನ್ನು ಒತ್ತಿ, ಶೀಟು ಮಾಡಿ ಹೊಗೆಗೆ ಒಣಗಿಸುತ್ತಾರಲ್ಲ, ಅದು ನಿಜವಾದ ರಬ್ಬರ್. ಆ ಶೀಟಿನಿಂದಲೇ ಬೆಲ್ಟು ಮಾಡಿದರೆ ಬೇಸಿಗೆಯಲ್ಲಿ ಕೈಗೆ ಮೆತ್ತಿಕೊಳ್ಳುತ್ತದೆ, ಚಳಿಯಲ್ಲಿ ಸೆಟೆದುಕೊಳ್ಳುತ್ತದೆ. ಗಂಧಕ ಬೆರೆಸಿ ಕಾಯಿಸಿದರೆ ಈ ಎರಡೂ ತೊಂದರೆ ತಪ್ಪುತ್ತವೆ ಎಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ, ಪೇಟೆಂಟ್ ಪಡೆದದ್ದು 1844ರಲ್ಲಿ. ರಬ್ಬರಿನ ಉದ್ದನೆಯ ಅಣುಸರಪಳಿಗಳು ಬೇಯಿಸಿದ ಶಾವಿಗೆಯ ಹಾಗೆ ಒಂದರ ಮೇಲೊಂದು ಜಾರುತ್ತಿರುತ್ತವೆ. ಗಂಧಕ ಅವುಗಳ ನಡುವೆ ಅಲ್ಲಲ್ಲಿ ಗಂಟು ಹಾಕುತ್ತದೆ. ಎಳೆದರೆ ಹಿಗ್ಗಿ, ಬಿಟ್ಟರೆ ಮೊದಲಿನ ಅಳತೆಗೆ ಮರಳುವುದು ಆ ಗಂಟುಗಳ ಬಲದಿಂದ.

ಆದರೆ ಗಂಧಕ ಎಷ್ಟೇ ಗಂಟು ಹಾಕಲಿ, ಸರಪಳಿಯ ಉದ್ದಕ್ಕೂ ಇಂಗಾಲದ ಜೋಡಿಬಂಧಗಳು ಸಾಕಷ್ಟು ಉಳಿದಿರುತ್ತವೆ. ಓಜೋನ್ ಕಾಯುವುದೇ ಅವಕ್ಕಾಗಿ. ನಾವು ಉಸಿರಾಡುವ ಗಾಳಿಯಲ್ಲಿ ನೂರು ಕೋಟಿ ಅಣುಗಳಿಗೆ ಕೆಲವು ಹತ್ತುಗಳಷ್ಟು ಓಜೋನ್ ಅಣುಗಳು ಇದ್ದರೂ ರಬ್ಬರಿಗೆ ಅದು ದೊಡ್ಡ ಪ್ರಮಾಣ. ಜೋಡಿಬಂಧ ಸಿಕ್ಕಿದಲ್ಲಿ ಓಜೋನ್ ಸರಪಳಿಯನ್ನು ತುಂಡರಿಸುತ್ತದೆ. ಸಡಿಲವಾಗಿರುವ ರಬ್ಬರಿನಲ್ಲಿ ಈ ತುಂಡು ಮೇಲ್ಮೈಯಲ್ಲೇ ನಿಲ್ಲುತ್ತದೆ. ಎಳೆದಿಟ್ಟ ರಬ್ಬರಿನಲ್ಲಿ ಪ್ರತಿ ತುಂಡೂ ಬಾಯಿ ಬಿಡುತ್ತದೆ, ಒಳಗಿನ ಹೊಸ ಮೈ ಓಜೋನಿಗೆ ಸಿಗುತ್ತದೆ. ಹಳೆಯ ಕಾಗದಪತ್ರಗಳ ಕಟ್ಟಿಗೆ ಬಿಗಿದಿದ್ದ ರಬ್ಬರ್ ಬ್ಯಾಂಡ್ ಮುಟ್ಟಿದರೆ ತುಂಡಾಗುತ್ತದೆ, ಅದೇ ಡಬ್ಬಿಯಲ್ಲಿ ಸುಮ್ಮನೆ ಬಿದ್ದಿದ್ದ ಬ್ಯಾಂಡ್ ಇನ್ನೂ ಹಿಗ್ಗುತ್ತದೆ. ಇದನ್ನು ನೋಡದವರು ಕಡಿಮೆ. ಎರಡರ ವಯಸ್ಸೂ ಒಂದೇ. ಒಂದು ಎಳೆತದಲ್ಲಿತ್ತು, ಇನ್ನೊಂದು ಇರಲಿಲ್ಲ.

ಈ ಬಿರುಕುಗಳಿಗೆ ಒಂದು ದಿಕ್ಕಿದೆ. ಎಳೆತ ಯಾವ ಕಡೆಗೋ ಅದಕ್ಕೆ ಅಡ್ಡಲಾಗಿಯೇ ಅವು ಏಳುತ್ತವೆ. ಕೈಗೆ ಕಟ್ಟಿದ ಬೆಲ್ಟಿನ ಹೊರಮೈ ಹಿಗ್ಗಿರುತ್ತದೆ, ಒಳಮೈ ಕುಗ್ಗಿರುತ್ತದೆ. ಆದ್ದರಿಂದ ಬಕಲಿನ ಹತ್ತಿರದ ಬಾಗಿನಲ್ಲಿ, ವಾಚಿನಿಂದ ಬೆಲ್ಟು ಕೆಳಗಿಳಿಯುವ ತಿರುವಿನಲ್ಲಿ, ಹೊರಮೈಯ ಮೇಲೆ ಅಡ್ಡಡ್ಡ ಸಣ್ಣ ಗೀರುಗಳು ಕಂಡರೆ ಅದು ಓಜೋನಿನ ಕೆಲಸ. ತುದಿಯನ್ನು ಸಿಕ್ಕಿಸುವ ಲೂಪ್ ಎಷ್ಟೋ ಸಲ ಮೊದಲು ತುಂಡಾಗುವುದಕ್ಕೂ ಇದೇ ಕಾರಣ. ಅದು ತೆಳ್ಳಗಿದೆ, ಇಡೀ ದಿನ ಎಳೆತದಲ್ಲಿರುತ್ತದೆ. ನಾಲ್ಕೈದು ವರ್ಷ ಕಟ್ಟಿದ ನೈಸರ್ಗಿಕ ರಬ್ಬರಿನಲ್ಲಿ ಇಂಥ ಗೀರು ಮೂಡಿದರೆ ಅದು ಮುಪ್ಪು. ಕೊಂಡ ಮೂರೇ ತಿಂಗಳಿಗೆ ಕಂಡರೆ ರಬ್ಬರ್ ಕಲಸುವಾಗ ಹಾಕಬೇಕಾದ ರಕ್ಷಕ ಪದಾರ್ಥ ಹಾಕಿಲ್ಲ ಎಂಬ ಅನುಮಾನಕ್ಕೆ ಬಲ ಬರುತ್ತದೆ.

ಆ ರಕ್ಷಕಗಳಲ್ಲಿ ಒಂದು ಮೇಣ. ರಬ್ಬರಿನೊಳಗೆ ಬೆರೆಸಿದ ಮೇಣ ನಿಧಾನವಾಗಿ ಹೊರಗೆ ಬಂದು ಮೈಮೇಲೆ ತೆಳು ಪದರವಾಗಿ ನಿಲ್ಲುತ್ತದೆ, ಓಜೋನನ್ನು ತಡೆಯುತ್ತದೆ. ಕಪ್ಪು ಬೆಲ್ಟಿನ ಮೇಲೆ ಅದು ಬೂದಿ ಬಳಿದಂತೆ ಕಾಣುತ್ತದೆ. ಬೂಷ್ಟು ಹಿಡಿದಿದೆ ಎಂದು ಜನ ಸ್ಪಿರಿಟ್ ಹಾಕಿ ತಿಕ್ಕುತ್ತಾರೆ. ದಯವಿಟ್ಟು ತಿಕ್ಕಬೇಡಿ. ಬೂಷ್ಟು ಸಂದುಗಳಲ್ಲಿ ಚುಕ್ಕೆಚುಕ್ಕೆಯಾಗಿ ಬೆಳೆಯುತ್ತದೆ, ಮುಗ್ಗಲು ವಾಸನೆ ಇರುತ್ತದೆ. ಮೇಣ ಮೈತುಂಬ ಸಮನಾಗಿ ಹರಡಿರುತ್ತದೆ, ಒರೆಸಿದರೂ ಕೆಲವು ವಾರಗಳಲ್ಲಿ ಮತ್ತೆ ಬರುತ್ತದೆ. ಅದು ದೋಷವಲ್ಲ, ಬೆಲ್ಟು ತನ್ನನ್ನು ತಾನು ಕಾಯ್ದುಕೊಳ್ಳುತ್ತಿರುವ ಗುರುತು.

ಈಗ ನನ್ನ ಬೀರುವಿನ ಬೆಲ್ಟಿಗೆ ಬರೋಣ. ಅದು ಮರದ ಹಾಲಿನದ್ದಲ್ಲ, ಪಾಲಿಯುರಿಥೇನಿನದು. 1983ರಲ್ಲಿ ಜಪಾನಿನ ಕ್ಯಾಸಿಯೋ ಕಂಪನಿಯ ಕಿಕುಓ ಇಬೆ ರೂಪಿಸಿದ ಜಿ-ಶಾಕ್ ಬಂದ ಮೇಲೆ ಈ ಪದಾರ್ಥ ಲೋಕದ ಮಣಿಕಟ್ಟುಗಳಿಗೆ ಪರಿಚಿತವಾಯಿತು. ಬಿದ್ದರೂ ಒಡೆಯದ ವಾಚು ಬೇಕೆಂದು ಹೊರಟವರಿಗೆ ಹಗುರವಾದ, ಸುಲಭಕ್ಕೆ ಹರಿಯದ, ಪೆಟ್ಟು ನುಂಗುವ ಯುರಿಥೇನ್ ಹೇಳಿಮಾಡಿಸಿದಂತಿತ್ತು. ಅದರ ದೌರ್ಬಲ್ಯ ನೀರು. ಅದರಲ್ಲೂ ಎಸ್ಟರ್ ಬಂಧಗಳಿಂದ ಕಟ್ಟಿದ ಬಗೆಯ ಯುರಿಥೇನಿನಲ್ಲಿ, ಗಾಳಿಯ ತೇವ ಒಳಹೊಕ್ಕು ಆ ಬಂಧಗಳನ್ನು ಒಂದೊಂದಾಗಿ ಬಿಚ್ಚುತ್ತದೆ. ಬಿಚ್ಚಿದಾಗ ಸ್ವಲ್ಪ ಆಮ್ಲ ಹುಟ್ಟುತ್ತದೆ. ಆ ಆಮ್ಲ ಮುಂದಿನ ಬಂಧ ಬಿಚ್ಚುವ ಕೆಲಸವನ್ನು ಇನ್ನಷ್ಟು ಬೇಗ ಮಾಡಿಸುತ್ತದೆ. ಅದಕ್ಕೇ ವರ್ಷಗಟ್ಟಲೆ ಸರಿಯಾಗಿದ್ದದ್ದು ಒಂದು ಮಳೆಗಾಲದಲ್ಲಿ ಥಟ್ಟನೆ ಕುಸಿದಂತೆ ಕಾಣುವುದು. ಮದುವೆಗೆಂದು ಕೊಂಡು ಪೆಟ್ಟಿಗೆಯಲ್ಲಿಟ್ಟ ಶೂ ನಾಲ್ಕು ವರ್ಷದ ನಂತರ ಹಾಕಿಕೊಂಡ ದಿನವೇ ಅಡಿ ಕಳಚಿ ಪುಡಿಪುಡಿಯಾಗುವುದೂ ಇದೇ ಕ್ರಿಯೆಯಿಂದ. ತೆಳು ಪ್ಲಾಸ್ಟಿಕ್ ಚೀಲ ಕರಾವಳಿಯ ಜೂನ್ ತಿಂಗಳ ತೇವವನ್ನು ತಡೆಯಲಾರದು. ನನ್ನ ಬೆಲ್ಟನ್ನು ಕೊಂದದ್ದು ಬಳಕೆಯೂ ಅಲ್ಲ, ಕಾರ್ಖಾನೆಯ ಅಜಾಗ್ರತೆಯೂ ಅಲ್ಲ.

ಆರು ವರ್ಷ ಬಾಳಿದ ಬೆಲ್ಟು ಸಿಲಿಕೋನಿನದು. ಅದರ ಬೆನ್ನೆಲುಬಿನಲ್ಲಿ ಇಂಗಾಲವೇ ಇಲ್ಲ. ಸಿಲಿಕಾನ್, ಆಮ್ಲಜನಕ, ಮತ್ತೆ ಸಿಲಿಕಾನ್, ಮತ್ತೆ ಆಮ್ಲಜನಕ: ಹೊಳೆಯ ಮರಳಿನ ಕಣದಲ್ಲಿರುವ ಬಂಧವೇ ಇಲ್ಲೂ ಇದೆ. ಓಜೋನಿಗೆ ಕಚ್ಚಲು ಜೋಡಿಬಂಧ ಸಿಗದು, ಬಿಸಿಲಿಗೂ ಬೆವರಿಗೂ ಅದು ಜಗ್ಗದು. ಆದರೆ ಹರಿತಕ್ಕೆ ಹೆದರುತ್ತದೆ. ಉಗುರಿನಷ್ಟು ಸಣ್ಣ ಗಾಯ ಬಿದ್ದರೂ ಸೀರೆಯ ಅಂಚು ಕತ್ತರಿಸಿ ಎಳೆದಂತೆ ಅಲ್ಲಿಂದ ಮುಂದಕ್ಕೆ ಹರಿಯುತ್ತದೆ. ಧೂಳು, ಬಟ್ಟೆಯ ನೂಲಿನ ಎಳೆ ಎಲ್ಲವನ್ನೂ ಮೈಗೆ ಎಳೆದುಕೊಳ್ಳುತ್ತದೆ. ಹೊಸದರಲ್ಲಿ ಮೈಮೇಲೆ ಮ್ಯಾಟ್ ಲೇಪವಿದ್ದು ನಯವಾಗಿ ಜಾರುತ್ತದೆ. ಅದು ಸವೆದಲ್ಲಿ ಹೊಳಪಿನ ತೇಪೆಗಳು ಕಾಣುತ್ತವೆ. ಬಿಳಿ ಬೆಲ್ಟಿಗೆ ಜೀನ್ಸಿನ ನೀಲಿ ಹತ್ತುತ್ತದೆ. ಇವೆಲ್ಲ ಸಹಜ ಸವೆತ. ಇದಕ್ಕೆ ಅಂಗಡಿಯವರ ಜೊತೆ ಜಗಳವಾಡುವುದು ನ್ಯಾಯವಲ್ಲ.

ದುಬಾರಿ ಸ್ಮಾರ್ಟ್‌ವಾಚುಗಳ ಜೊತೆ ಬರುವ ಫ್ಲೋರೋಎಲಾಸ್ಟೋಮರ್ ಎಂಬ ನಾಲ್ಕನೆಯ ಬಗೆಯೂ ಇದೆ. ಡ್ಯೂಪಾಂಟ್ ಕಂಪನಿ 1957ರಲ್ಲಿ ವೈಟಾನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಕುಟುಂಬ ಇದು. ಎಣ್ಣೆ, ಶಾಖ, ರಾಸಾಯನಿಕ ಯಾವುದಕ್ಕೂ ಸುಲಭಕ್ಕೆ ಸೋಲುವುದಿಲ್ಲ. ಚಳಿಗೆ ಸೋಲುತ್ತದೆ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆಯ ಏಳು ಜನರ ಪ್ರಾಣಹಾನಿಗೆ ಕಾರಣವಾದ ರಬ್ಬರ್ ಉಂಗುರ ಇದೇ ಕುಟುಂಬದ್ದು. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅದರ ತುಣುಕೊಂದನ್ನು ಐಸ್ ನೀರಿಗೆ ಅದ್ದಿ, ತಣ್ಣಗಾದಾಗ ಅದು ಕೂಡಲೇ ಹಿಗ್ಗುವುದನ್ನು ಮರೆಯುತ್ತದೆ ಎಂದು ತನಿಖಾ ಆಯೋಗದ ಎದುರು ತೋರಿಸಿದರು. ನಮ್ಮ ಹವೆಯಲ್ಲಿ ಮಣಿಕಟ್ಟಿಗೆ ಆ ಭಯವಿಲ್ಲ.

ಹಾಗಾದರೆ ನಿಜವಾದ ದೋಷ ಹೇಗಿರುತ್ತದೆ? ಅದು ಹುಟ್ಟುವುದು ಅಚ್ಚಿನೊಳಗೆ. ಕಾದ ಲೋಹದ ಅಚ್ಚಿಗೆ ಮಿಶ್ರಣ ತುಂಬಿ, ಸುಮಾರು 150ರಿಂದ 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒತ್ತಿ ಹಿಡಿದು ಬೇಯಿಸುತ್ತಾರೆ. ಬೇಗ ತೆಗೆದರೆ ಗಂಟುಗಳು ಪೂರ್ತಿ ಬಿದ್ದಿರುವುದಿಲ್ಲ. ಅಂಥ ಬೆಲ್ಟು ಹೊಸದರಲ್ಲೇ ಅಂಟಂಟು, ಉಗುರಿನಿಂದ ಒತ್ತಿದ ಗುರುತು ಮಾಯದೆ ಉಳಿಯುತ್ತದೆ. ಕಟ್ಟಿಕೊಂಡ ಕೈಯ ಬಾಗು ಬೆಲ್ಟಿಗೆ ಬರುವುದು ಸಹಜ, ಉಗುರಿನ ಗುರುತು ಉಳಿಯುವುದು ಸಹಜವಲ್ಲ. ಗಾಳಿ ಸಿಕ್ಕಿಕೊಂಡಿದ್ದರೆ ಹರಿದ ಜಾಗದಲ್ಲಿ ಇಡ್ಲಿಯೊಳಗಿನಂತೆ ಸಣ್ಣ ಗುಳಿಗಳು ಕಾಣುತ್ತವೆ. ಪಿನ್ನು ಕೂರುವ ರಂಧ್ರ ನಡುವಿನಲ್ಲಿರದೆ ಒಂದು ಬದಿಗೆ ಸರಿದಿದ್ದರೆ ಆ ಕಡೆಯ ಗೋಡೆ ತೆಳುವಾಗಿ ಮೊದಲು ಸೀಳುತ್ತದೆ. ಈ ಪಿನ್ನಿನ ಜಾಗವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮುಳುಗುಗಾರರ ವಾಚುಗಳಿಗಿರುವ ಐಎಸ್ಒ 6425 ಮಾನದಂಡದಲ್ಲಿ ಬೆಲ್ಟು ಸೇರುವ ಜಾಗಗಳನ್ನು 200 ನ್ಯೂಟನ್ ಬಲದಿಂದ ಎಳೆದು ಪರೀಕ್ಷಿಸುತ್ತಾರೆ. ಹೆಚ್ಚುಕಡಿಮೆ ಇಪ್ಪತ್ತು ಕಿಲೋ ಅಕ್ಕಿ ಚೀಲ ತೂಗಿಬಿಟ್ಟ ಹಾಗೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ತೂತುಗಳ ಹತ್ತಿರದ ದೋಷ. ಅಚ್ಚಿನಲ್ಲಿ ತೂತು ಬರಬೇಕಾದಲ್ಲಿ ಲೋಹದ ಮೊಳೆ ಇರುತ್ತದೆ. ಹರಿದು ಬಂದ ಮಿಶ್ರಣ ಹೊಳೆಯ ನಡುವಿನ ಬಂಡೆಯನ್ನು ಬಳಸಿದಂತೆ ಆ ಮೊಳೆಯ ಎರಡೂ ಬದಿಯಿಂದ ಸುತ್ತಿ ಆಚೆ ಮತ್ತೆ ಕೂಡುತ್ತದೆ. ಕೂಡುವ ಹೊತ್ತಿಗೆ ಅದು ಮೆತ್ತಗಿದ್ದರೆ ಎರಡು ಪ್ರವಾಹಗಳೂ ಒಂದಾಗುತ್ತವೆ. ಆಗಲೇ ಬೇಯತೊಡಗಿದ್ದರೆ ಅಕ್ಕಪಕ್ಕ ತಾಗಿ ನಿಲ್ಲುತ್ತವೆ, ಬೆಸೆದುಕೊಳ್ಳುವುದಿಲ್ಲ. ಕಣ್ಣಿಗೆ ಬೆಲ್ಟು ಪೂರ್ತಿಯಾಗಿದೆ, ಒಳಗೆ ಒಂದು ಸೀಳು ಕಾಯುತ್ತಿದೆ.

ಇದನ್ನು ನನಗೆ ಚೆನ್ನಾಗಿ ಮನವರಿಕೆ ಮಾಡಿಸಿದ್ದು ಅಕ್ಕನ ಮಗಳ ಸಿಲಿಕೋನ್ ಬೆಲ್ಟು. ನಾಲ್ಕೇ ತಿಂಗಳಿಗೆ ಹರಿದಿತ್ತು. ಮನೆಯಲ್ಲಿ ಎಲ್ಲರೂ ಅವಳನ್ನೇ ಬೈದರು, ಎಳೆದೆಳೆದು ಕಟ್ಟುತ್ತೀಯ ಎಂದು. ಅವಳು ಅಳುಮುಖ ಮಾಡಿಕೊಂಡು ನನ್ನ ಹತ್ತಿರ ತಂದಳು.

"ನೀನು ಯಾವ ತೂತಿಗೆ ಹಾಕ್ತೀಯ ಪುಟ್ಟಿ?"

"ಇದಕ್ಕೆ ಮಾಮ, ಯಾವಾಗ್ಲೂ ಇದಕ್ಕೇ."

ಅವಳು ತೋರಿಸಿದ್ದು ತುದಿಯಿಂದ ಆರನೆಯದು. ಅದರ ಸುತ್ತ ಬಕಲು ಒತ್ತಿದ ಗುರುತಿತ್ತು, ಹೊಳಪಿತ್ತು, ಆದರೆ ಒಂದು ಗೀರೂ ಇರಲಿಲ್ಲ. ಹರಿದದ್ದು ತುದಿಯಿಂದ ನಾಲ್ಕನೆಯ ತೂತಿನಿಂದ ಅಂಚಿನವರೆಗೆ. ಅಲ್ಲಿ ಬಕಲಿನ ಗುರುತೇ ಇಲ್ಲ. ಕೈಯ ಬಳಕೆ ಮುಟ್ಟದ ಜಾಗ ಬಳಕೆಯಿಂದ ಹರಿಯುವುದು ಹೇಗೆ? ಫೋನಿನ ಕ್ಯಾಮೆರಾವನ್ನು ಹತ್ತಿರ ಹಿಡಿದು ಹರಿದ ಮುಖವನ್ನು ನೋಡಿದೆವು. ಬಲವಂತವಾಗಿ ಹರಿದ ಸಿಲಿಕೋನಿನ ಮುಖ ಒರಟಾಗಿರುತ್ತದೆ. ಇದು ಬಾಳೆಲೆಯ ಮೈಯಂತೆ ನುಣುಪಾಗಿ ಹೊಳೆಯುತ್ತಿತ್ತು. ಆ ಎರಡು ಬದಿಗಳು ಎಂದೂ ಒಂದಾಗಿರಲೇ ಇಲ್ಲ.

ಸವೆತ ಕೈಯನ್ನು ಹಿಂಬಾಲಿಸುತ್ತದೆ. ಕಟ್ಟುವ ತೂತು, ಮೇಜಿಗೆ ತಾಗುವ ಅಂಚು, ಬೆವರು ನಿಲ್ಲುವ ಒಳಮೈ: ಒಬ್ಬೊಬ್ಬರ ಬೆಲ್ಟು ಅವರವರ ದಿನಚರಿಯಂತೆ ಸವೆಯುತ್ತದೆ. ಕೊಬ್ಬರಿ ಎಣ್ಣೆಯ ಕೈಯಿಂದ ಕಟ್ಟಿಕೊಂಡರೆ ನೈಸರ್ಗಿಕ ರಬ್ಬರ್ ಊದುತ್ತದೆ, ಸೊಳ್ಳೆಗೆ ಹಚ್ಚುವ ಡೀಟ್ ಕ್ರೀಮು ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ. ಅದರ ಗುರುತೂ ಹಚ್ಚಿದ ಜಾಗದಲ್ಲೇ ಇರುತ್ತದೆ. ಮುಪ್ಪು ಎಳೆತವನ್ನೋ ತೇವವನ್ನೋ ಹಿಂಬಾಲಿಸುತ್ತದೆ. ದೋಷ ಅಚ್ಚನ್ನು ಹಿಂಬಾಲಿಸುತ್ತದೆ, ಧರಿಸಿದವರು ಯಾರೆಂದು ಅದಕ್ಕೆ ಗೊತ್ತೇ ಇರುವುದಿಲ್ಲ.

ಇಷ್ಟನ್ನು ಗ್ರಾಹಕರೇ ಪತ್ತೆ ಮಾಡಬೇಕಾಗಿ ಬಂದಿರುವುದು ನನಗೆ ಸರಿ ಕಾಣುವುದಿಲ್ಲ. ಟೈರಿನ ಮೈಮೇಲೆ ಅದು ಯಾವ ವರ್ಷದ ಯಾವ ವಾರ ತಯಾರಾಯಿತು ಎಂಬುದು ನಾಲ್ಕು ಅಂಕಿಗಳಲ್ಲಿ ಅಚ್ಚಾಗಿರುತ್ತದೆ. ಬೆಲ್ಟಿನ ಒಳಮೈಯಲ್ಲಿ ಬ್ರ್ಯಾಂಡಿನ ಹೆಸರಿಗೆ ಜಾಗವಿದ್ದ ಮೇಲೆ ಪದಾರ್ಥದ ಹೆಸರಿಗೂ ತಯಾರಾದ ತಿಂಗಳಿಗೂ ಜಾಗವಿದೆ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಐದು ವರ್ಷ ಕೂತ ಯುರಿಥೇನ್ ಬೆಲ್ಟನ್ನು ಹೊಸದೆಂದು ಕೊಳ್ಳುವವರಿಗೆ ಆ ಎರಡು ಮಾತು ತಿಳಿಯಲೇಬೇಕು.

ಮರುದಿನ ಮಗುವನ್ನು ಕರೆದುಕೊಂಡು ಅಂಗಡಿಗೆ ಹೋದೆ. ಅಂಗಡಿಯವರು ಮೊದಲು ಅದೇ ಮಾತು ಹೇಳಿದರು. ಅದೇ ಕಟ್ಟಿನ ಇನ್ನೊಂದು ಬೆಲ್ಟು ಇದ್ದರೆ ಕೊಡಿ ಎಂದೆ. ತಂದುಕೊಟ್ಟರು. ಅವರ ಕೈಯಿಂದಲೇ, ಅವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರದಲ್ಲೇ ನೋಡಿಸಿದೆ. ತುದಿಯಿಂದ ನಾಲ್ಕನೆಯ ತೂತಿನ ಪಕ್ಕ, ಅಂಚಿನ ಕಡೆಗೆ, ಕೂದಲೆಳೆಯಷ್ಟು ತೆಳುವಾದ ಗೆರೆ. ಬೆರಳಿನ ಮೇಲೆ ಹಿಂದಕ್ಕೆ ಬಗ್ಗಿಸಿದರು. ಗೆರೆ ಬಾಯಿ ಬಿಟ್ಟಿತು. ಮೂರನೆಯದನ್ನು ತೆಗೆದರು, ಅದರಲ್ಲೂ ಅದೇ ಜಾಗ. ಆಮೇಲೆ ಅವರೇನೂ ಮಾತಾಡಲಿಲ್ಲ. ಆ ಕಟ್ಟನ್ನು ಬೇರೆ ಡಬ್ಬಿಗೆ ಹಾಕಿ, ಮೇಲಿನ ಸಾಲಿನಿಂದ ಇನ್ನೊಂದು ಬಣ್ಣದ ಬೆಲ್ಟು ಇಳಿಸಿ, ಒಂದೊಂದೇ ತೂತನ್ನು ಬಗ್ಗಿಸಿ ನೋಡಿ, ಮಗುವಿನ ವಾಚಿಗೆ ಹಾಕಿಕೊಟ್ಟರು.