ಹೆರಿಗೆಗೊಂದು ಹಲ್ಲು ತೆರಬೇಕೆ?

ಕೂಸು ಹುಟ್ಟುವಾಗ ತಾಯಿಯ ಒಂದು ಹಲ್ಲನ್ನು ತೆಗೆದುಕೊಂಡೇ ಬರುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ನಾಲ್ಕು ಹೆತ್ತವಳ ಬಾಯಲ್ಲಿ ನಾಲ್ಕು ಹಲ್ಲು ಕಡಿಮೆ ಇದ್ದರೆ ಹಳ್ಳಿಯಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಕೂಸಿನ ಎಲುಬು ಬೆಳೆಯಲು ಸುಣ್ಣದ ಅಂಶ ಬೇಕು, ಅದನ್ನು ತಾಯಿಯ ಹಲ್ಲಿನಿಂದ ಎಳೆದುಕೊಳ್ಳುತ್ತದೆ ಎಂದು ಕಾರಣವನ್ನೂ ಹೇಳಿಬಿಡುತ್ತಾರೆ. ಯುರೋಪಿನ ಅಜ್ಜಿಯರೂ ಇದನ್ನೇ ಹೇಳುತ್ತಿದ್ದರು. ಹಲ್ಲು ಹೋಗುವುದೇನೋ ನಿಜ. ಆದರೆ ಹೇಳುವ ಕಾರಣ ಮಾತ್ರ ಸುಳ್ಳು. ಕಾರಣ ಸುಳ್ಳಾದಾಗ ಉಪಾಯವೂ ತಪ್ಪಿಹೋಗುತ್ತದೆ.

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಗೂಗಲ್, ಕೃಷ್ಣಾ ನದಿಯ ದಂಡೆಯ ಊರು. ಅಲ್ಲಮಪ್ರಭುವಿನ ಗುಡಿ, ಹೊಳೆಗೆ ಅಡ್ಡಲಾಗಿ ಕಟ್ಟಿದ ಸೇತುವೆ ಸಹಿತ ಬ್ಯಾರೇಜ್, ಇವು ಆ ಊರಿನ ಗುರುತು. ಇಲ್ಲಿಂದ ದಕ್ಷಿಣಕ್ಕೆ ಮಾನ್ವಿ ತಾಲ್ಲೂಕು ದಾಟಿದರೆ ತುಂಗಭದ್ರೆ. ಎರಡು ದೊಡ್ಡ ಹೊಳೆಗಳ ನಡುವಿನ ಈ ನೆಲವನ್ನು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ತನ್ನ ವರದಿಯಲ್ಲಿ ನಾಡಿನ ಹಿಂದುಳಿದ ಪ್ರದೇಶಗಳ ಸಾಲಿಗೆ ಸೇರಿಸಿತು. ದೇವದುರ್ಗವಂತೂ 'ಅತ್ಯಂತ ಹಿಂದುಳಿದ' ತಾಲ್ಲೂಕುಗಳ ಪಟ್ಟಿಯಲ್ಲಿತ್ತು. ಇಂಥ ಕಡೆ ಬಸುರಿಯ ರಕ್ತಹೀನತೆಯ ಬಗ್ಗೆ, ಹೆರಿಗೆಯ ಅಪಾಯದ ಬಗ್ಗೆ ಮಾತು ನಡೆಯುವುದು ಸಹಜ, ನಡೆಯಲೇಬೇಕು. ಆದರೆ ಬಾಯಿಯ ಮಾತು ಮಾತ್ರ ಬಾಯಿಗೇ ಬರುವುದಿಲ್ಲ.

ಮೊದಲು ಸುಣ್ಣದ ಲೆಕ್ಕ ನೋಡೋಣ. ಒಂಬತ್ತು ತಿಂಗಳಲ್ಲಿ ಕೂಸಿನ ಮೈಗೆ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಸೇರಬೇಕು. ಅದರ ಬಹುಪಾಲು ಕೊನೆಯ ಮೂರು ತಿಂಗಳಲ್ಲಿ. ಇದಕ್ಕಾಗಿ ತಾಯಿಯ ಕರುಳು ಉಂಡ ಅನ್ನದಿಂದ ಎಂದಿಗಿಂತ ಹೆಚ್ಚು ಕ್ಯಾಲ್ಸಿಯಂ ಹೀರಿಕೊಳ್ಳುತ್ತದೆ. ಸಾಲದಿದ್ದರೆ ಎಲುಬಿನ ಉಗ್ರಾಣದಿಂದ ಸ್ವಲ್ಪ ಹೊರಬರುತ್ತದೆ. ಮೊಲೆಯೂಡಿಸುವ ಕಾಲದಲ್ಲೂ ಎಲುಬು ಒಂದಿಷ್ಟು ಸವೆಯುತ್ತದೆ, ಕೂಸು ಹಾಲು ಬಿಟ್ಟ ಮೇಲೆ ಮತ್ತೆ ತುಂಬಿಕೊಳ್ಳುತ್ತದೆ. ಹಲ್ಲಿನ ಸಂಗತಿಯೇ ಬೇರೆ. ಹಲ್ಲಿನ ಮೇಲಿನ ಬಿಳಿಯ ಕವಚದಲ್ಲಿ ರಕ್ತನಾಳವಿಲ್ಲ, ಜೀವಕೋಶವೂ ಇಲ್ಲ. ಒಮ್ಮೆ ಕಟ್ಟಿದ ಹಲ್ಲಿನಿಂದ ಸುಣ್ಣವನ್ನು ಮರಳಿ ರಕ್ತಕ್ಕೆ ಎಳೆದುಕೊಳ್ಳುವ ದಾರಿ ದೇಹಕ್ಕೆ ಇಲ್ಲ. ಎಲುಬು ಬ್ಯಾಂಕಿನ ಖಾತೆಯಿದ್ದಂತೆ, ಹಲ್ಲು ಗೋಡೆಯೊಳಗೆ ಕಟ್ಟಿದ ಕಲ್ಲಿದ್ದಂತೆ.

ಹಾಗಾದರೆ ಹಲ್ಲು ಹೋಗುವುದೇಕೆ? ತಪ್ಪು ಹಲ್ಲಿನದಲ್ಲ, ಒಸಡಿನದು. ಬಸುರಿಯಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟೆರಾನ್ ಎಂಬ ರಸದೂತಗಳು ಏರುತ್ತವೆ. ಒಸಡಿಗೆ ರಕ್ತ ಹೆಚ್ಚು ಹರಿಯುತ್ತದೆ. ಹಲ್ಲಿನ ಬುಡದಲ್ಲಿ ಕೂತ ಅಂಟುಪೊರೆಯಲ್ಲಿ ಲಕ್ಷಾಂತರ ಸೂಕ್ಷ್ಮಾಣುಗಳಿರುತ್ತವಷ್ಟೆ. ಮೊದಲು ಆ ಕೊಳೆಯನ್ನು ಸಹಿಸಿಕೊಂಡಿದ್ದ ಒಸಡು ಈಗ ಕೆಂಪಾಗಿ ಊದಿಕೊಳ್ಳುತ್ತದೆ, ಮುಟ್ಟಿದರೆ ರಕ್ತ. ಕೆಲವರಿಗೆ ಹಲ್ಲಿನ ಸಂದಿಯಲ್ಲಿ ಚಿಕ್ಕ ಕೆಂಪು ಗಂಟು ಏಳುವುದುಂಟು. ಅದು ಕ್ಯಾನ್ಸರ್ ಅಲ್ಲ, ಹೆರಿಗೆಯ ಬಳಿಕ ಬಹುಮಟ್ಟಿಗೆ ತಾನಾಗಿ ಇಳಿಯುತ್ತದೆ. ಹಲ್ಲು ತುಸು ಅಲುಗಾಡಿದಂತೆ ಅನ್ನಿಸಿದರೂ ಗಾಬರಿ ಬೇಡ, ಒಸಡು ಆರೋಗ್ಯವಾಗಿದ್ದರೆ ಅದೂ ಬಿಗಿಯಾಗುತ್ತದೆ.

ಎಡವಟ್ಟು ಶುರುವಾಗುವುದು ಇಲ್ಲಿಯೇ. ರಕ್ತ ಕಂಡ ಕೂಡಲೇ ಹೆಣ್ಣುಮಗಳು ಹಲ್ಲು ತಿಕ್ಕುವುದನ್ನು ಬಿಡುತ್ತಾಳೆ. ಗಾಯವಾಗಿದೆ, ಮುಟ್ಟಬಾರದು ಎಂಬ ಎಣಿಕೆ. ಕೊಳೆ ಇನ್ನಷ್ಟು ಕೂರುತ್ತದೆ, ಗಟ್ಟಿಯಾಗಿ ಪಾಚಿಯಾಗುತ್ತದೆ, ಒಸಡು ಹಲ್ಲಿನಿಂದ ಬಿಡಿಸಿಕೊಳ್ಳುತ್ತದೆ, ಒಳಗಿನ ಎಲುಬು ಕರಗುತ್ತದೆ. ಇದು ಒಂದು ದಿನದ ಕೆಲಸವಲ್ಲ. ಎರಡು ಮೂರು ಹೆರಿಗೆಗಳ ಅವಧಿಯಲ್ಲಿ ಸದ್ದಿಲ್ಲದೆ ನಡೆಯುತ್ತದೆ. ಕೊನೆಗೆ ಹುಳುಕೇ ಇಲ್ಲದ ಹಲ್ಲು ಕೈಗೆ ಬಂದಾಗ ಕೂಸಿನ ಮೇಲೆ ಹೊರೆ ಹೊರಿಸುತ್ತಾರೆ.

ಬಾಣಂತನದ ಕೋಣೆಯೊಳಗೆ ಇಣುಕಿದರೆ ಇನ್ನೊಂದು ಕಾರಣ ಕಾಣುತ್ತದೆ. ಈ ಭಾಗದಲ್ಲಿ ಬಾಣಂತಿಗೆ ಕಿವಿ ಮುಚ್ಚುವಂತೆ ಬಟ್ಟೆ ಕಟ್ಟಿ, ಕೆಂಡದ ಕಾವು ಕೊಟ್ಟು, ತಣ್ಣೀರು ಮುಟ್ಟಗೊಡದೆ ಕಾಪಾಡುತ್ತಾರೆ. ಮೈ ಹಸಿಯಿದೆ, ನರ ಸಡಿಲಾಗಿವೆ, ಹಲ್ಲು ಗಟ್ಟಿಯಾಗಿ ತಿಕ್ಕಿದರೆ ಅವೂ ಸಡಿಲಾಗುತ್ತವೆ ಎಂದು ಅನೇಕ ಮನೆಗಳಲ್ಲಿ ಹಿರಿಯರು ತಡೆಯುತ್ತಾರೆ. ಬಾಯಿ ಮುಕ್ಕಳಿಸಿದರೆ ಮುಗಿಯಿತು. ಅದೇ ಹೊತ್ತಿಗೆ ತಿನ್ನಲು ಏನು? ಅಂಟಿನ ಉಂಡಿ, ಉತ್ತತ್ತಿ, ಕೊಬ್ಬರಿ ಬೆಲ್ಲ, ಅಳವಿ ಪಾಯಸ. ಬಾಣಂತಿಗೆ ಬಲ ಬರಲು ಇವು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಲ್ಲಿಗೆ ಅಂಟುವ ಸಿಹಿಯನ್ನು ಹೊತ್ತುಹೊತ್ತಿಗೆ ತಿಂದು, ತಿಕ್ಕದೆ ಮಲಗುವ ಬಾಯಿ ಹುಳುಕಿಗೆ ಹಬ್ಬದ ಮನೆ. ಬಾಯಿಯ ಸೂಕ್ಷ್ಮಾಣುಗಳು ಸಕ್ಕರೆಯನ್ನು ಹುಳಿಯಾಗಿಸಿ, ಆ ಹುಳಿ ಹಲ್ಲನ್ನು ಕರಗಿಸುತ್ತದೆ ಎಂದು ಅಮೆರಿಕದ ದಂತವೈದ್ಯ ಮಿಲ್ಲರ್ 1890ರಲ್ಲೇ ವಿವರಿಸಿದ್ದ. ಹಲ್ಲಿನಲ್ಲಿ ಹುಳು ಇರುವುದಿಲ್ಲ. ಕಣ್ಣಿಗೆ ಕಾಣದ ಈ ಹುಳಿಯೇ ಹುಳು.

ಸೋಜಿಗವೆಂದರೆ ಬಾಣಂತನದ ಕಟ್ಟಳೆಯನ್ನು ಮುರಿಯದೆಯೇ ಬಾಯಿ ಶುಚಿಯಾಗಿಡಬಹುದು. ತಣ್ಣೀರು ಬೇಡವೆಂದರೆ ಬೇಡ, ಬಿಸಿನೀರು ಮನೆಯಲ್ಲಿ ಸದಾ ಇದ್ದೇ ಇರುತ್ತದೆ. ಮೆತ್ತನೆಯ ಬ್ರಷ್ಷನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ದಿನಕ್ಕೆ ಎರಡು ಬಾರಿ, ಒಸಡಿನ ಅಂಚಿಗೂ ತಾಗುವಂತೆ ಹಗುರವಾಗಿ ಆಡಿಸಿದರೆ ಸಾಕು. ರಾತ್ರಿಯ ಸರದಿ ತಪ್ಪಬಾರದು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ ಹಲ್ಲಿನ ಕಾವಲು ತಪ್ಪುತ್ತದೆ. ಒಂದು ಲೋಟ ಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿದರೆ ಒಸಡಿಗೆ ಹಿತ. ನಿತ್ಯ ತಿಕ್ಕಿದರೆ ವಾರ ಹತ್ತು ದಿನಗಳಲ್ಲಿ ರಕ್ತ ಬರುವುದು ತಗ್ಗುತ್ತದೆ. ತಗ್ಗದಿದ್ದರೆ ಪಾಚಿ ತೆಗೆಸಬೇಕೆಂದೇ ಅರ್ಥ. ಬೇವಿನ ಕಡ್ಡಿ ಕೆಟ್ಟದ್ದಲ್ಲ. ಆದರೆ ಇಟ್ಟಂಗಿ ಪುಡಿ, ಇದ್ದಿಲ ಪುಡಿ ಹಲ್ಲಿನ ಕವಚವನ್ನೇ ಉಜ್ಜಿ ತೆಗೆಯುತ್ತವೆ. ಬಸುರಿಯ ಮೊದಲ ತಿಂಗಳುಗಳಲ್ಲಿ ವಾಂತಿಯಾದೊಡನೆ ಬ್ರಷ್ ಹಿಡಿಯುವುದೂ ಸಲ್ಲದು. ಹೊಟ್ಟೆಯ ಆಮ್ಲದಿಂದ ಮೆತ್ತಗಾದ ಕವಚ ಆಗ ಬೇಗ ಸವೆಯುತ್ತದೆ. ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ತಿಕ್ಕುವುದು ಲೇಸು.

ಮಿಶ್ರಿಯ ಮಾತನ್ನು ಮಾತ್ರ ಮೆತ್ತಗೆ ಹೇಳಲಾಗದು. ಸುಟ್ಟ ತಂಬಾಕಿನ ಈ ಕರಿಪುಡಿಯಿಂದ ಹಲ್ಲು ತಿಕ್ಕುವ ಹೆಂಗಸರು ಉತ್ತರ ಕರ್ನಾಟಕದಲ್ಲಿ ಇನ್ನೂ ಇದ್ದಾರೆ. ಹಲ್ಲುನೋವು ಮರೆಸುತ್ತದೆಂದು ಶುರುವಾಗಿ ಚಟವಾಗುತ್ತದೆ. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬಳಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿತು. ಕರ್ನಾಟಕ ಗುಟ್ಕಾವನ್ನು 2013ರಲ್ಲಿ ನಿಷೇಧಿಸಿತು. ಕಾನೂನು ಅಂಗಡಿಯ ಬಾಗಿಲವರೆಗೆ ಬರುತ್ತದೆ, ಬಚ್ಚಲಮನೆಯ ಗೂಡಿನವರೆಗಲ್ಲ. ಬಸುರಿಯ ತಂಬಾಕು ಕೂಸಿನ ತೂಕವನ್ನೇ ತಿನ್ನುತ್ತದೆ. ಬಾಣಂತಿಗೆ ಊಟದ ಮೇಲೆ ಎಲೆಅಡಿಕೆ ಕೊಡುವ ರೂಢಿಯ ಹಿಂದೆ ಸುಣ್ಣ ದೊರಕಲಿ ಎಂಬ ಅಜ್ಜಿಯರ ಜಾಣತನವಿದೆ, ಸುಣ್ಣ ದೊರಕುವುದೂ ಸುಳ್ಳಲ್ಲ. ಆದರೆ ತಂಬಾಕು ಸೇರದ ಬರಿಯ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕ್ಯಾನ್ಸರ್‌ಕಾರಕ ಎಂದಿದೆ. ಸುಣ್ಣವೇ ಬೇಕಾದರೆ ಎಳ್ಳು, ನುಗ್ಗೆಸೊಪ್ಪು, ಹಾಲು, ರಾಗಿ ಇವೆ. ನೂರು ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಕ್ಯಾಲ್ಸಿಯಂ, ಈ ಸೀಮೆಯ ನಿತ್ಯದ ಜೋಳದಲ್ಲಿ ಬರೀ 25. ರೊಟ್ಟಿಯ ಮೇಲೆ ಎಳ್ಳು ಹಚ್ಚುವವರು ಹಚ್ಚುತ್ತಲೇ ಇರಲಿ. ಆಶಾ ಕಾರ್ಯಕರ್ತೆ ಕೊಡುವ ಕ್ಯಾಲ್ಸಿಯಂ ಗುಳಿಗೆಯನ್ನು ಹೆರಿಗೆಯಾದ ಮೇಲೂ ಆರು ತಿಂಗಳು ನುಂಗಬೇಕು. ಕೂಸು ಬಂತೆಂದು ಗುಳಿಗೆ ಗೂಡು ಸೇರಬಾರದು.

ಬಸುರಿದ್ದಾಗ ಹಲ್ಲು ಮುಟ್ಟಿಸಬಾರದು, ಕೀಳಿಸಿದರೆ ಗರ್ಭ ನಿಲ್ಲದು ಎಂಬ ಭಯ ದೇವದುರ್ಗದಲ್ಲಷ್ಟೇ ಅಲ್ಲ, ರಾಯಚೂರು ಪೇಟೆಯಲ್ಲೂ ಇದೆ. ಒಸಡಿನ ಬೇನೆಯುಳ್ಳ ತಾಯಂದಿರಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗುವುದು ಹೆಚ್ಚು ಎಂದು 1996ರಲ್ಲಿ ಅಮೆರಿಕದ ಸಂಶೋಧಕರು ಬರೆದಾಗ ದೊಡ್ಡ ಚರ್ಚೆಯೇ ಆಯಿತು. ಬಳಿಕ 823 ಬಸುರಿಯರಲ್ಲಿ ಅರ್ಧದಷ್ಟು ಜನರಿಗೆ ಬಸುರಿದ್ದಾಗಲೇ, ಉಳಿದವರಿಗೆ ಹೆರಿಗೆಯ ಬಳಿಕ ಒಸಡಿನ ಚಿಕಿತ್ಸೆ ಮಾಡಿ ನೋಡಿದರು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು: ಚಿಕಿತ್ಸೆಯಿಂದ ಅವಧಿಪೂರ್ವ ಹೆರಿಗೆ ತಗ್ಗಲಿಲ್ಲ. ಆದರೆ ಒಸಡು ಸುಧಾರಿಸಿತು, ತಾಯಿಗಾಗಲಿ ಕೂಸಿಗಾಗಲಿ ತೊಂದರೆಯಾಗಲಿಲ್ಲ. ಹಳ್ಳಿಯ ಹೆಣ್ಣುಮಗಳಿಗೆ ಬೇಕಾದ ಸುದ್ದಿ ಆ ಎರಡನೆಯದು. ನಾಲ್ಕರಿಂದ ಆರನೆಯ ತಿಂಗಳು ಇದಕ್ಕೆ ಅನುಕೂಲದ ಕಾಲ, ಕೀವು ತುಂಬಿದ್ದರೆ ಯಾವ ತಿಂಗಳೂ ಕಾಯಬಾರದು. ಮರಗಟ್ಟಿಸುವ ಸೂಜಿಮದ್ದನ್ನು ಬಸುರಿಯರಿಗೂ ಕೊಡಬಹುದು. ದೂರವಿಡಬೇಕಾದ ಮದ್ದುಗಳೂ ಇವೆ. ಟೆಟ್ರಾಸೈಕ್ಲಿನ್ ಕೂಸಿನ ಹಲ್ಲಿಗೆ ಹಳದಿ ಬಣ್ಣ ಹತ್ತಿಸುತ್ತದೆ. ಆದ್ದರಿಂದ ಅಂಗಡಿಯ ಗುಳಿಗೆ ಬೇಡ. ವೈದ್ಯರಿಗೆ ಬಸುರಿಯೆಂದು ಮೊದಲೇ ಹೇಳಬೇಕು.

ಈ ಸೀಮೆಯ ತಾಯಂದಿರು ತಿಳಿಯಲೇಬೇಕಾದ ಇನ್ನೊಂದು ಸಂಗತಿ ನೀರಿನದು. ಎರಡು ಹೊಳೆಗಳ ನಡುವೆ ಇದ್ದೂ ಒಳನಾಡಿನ ಹಳ್ಳಿಗಳು ಕೊಳವೆಬಾವಿಯನ್ನೇ ನಂಬಿ ಬದುಕಿವೆ. ಗ್ರಾನೈಟ್ ಬಂಡೆಯ ಸಂದಿಗಳಲ್ಲಿ ನಿಂತ ನೀರಿಗೆ ಕಲ್ಲಿನ ಫ್ಲೋರೈಡ್ ಕರಗಿ ಸೇರುತ್ತದೆ. ರಾಯಚೂರು ಜಿಲ್ಲೆಯ ಅನೇಕ ಬಾವಿಗಳಲ್ಲಿ ಅದು ಮಿತಿ ಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಭಾರತದಲ್ಲಿ ಈ ಬೇನೆಯನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಶಾಲೆಯ ಮಕ್ಕಳ ಮುಂದಿನ ಹಲ್ಲಿನ ಮೇಲೆ ಕಾಣುವ ಕಂದು ಗೆರೆ, ಸುಣ್ಣದಂಥ ಮಚ್ಚೆ ತಿಕ್ಕದಿದ್ದುದರ ಕೊಳೆಯಲ್ಲ. ಎಷ್ಟು ತಿಕ್ಕಿದರೂ ಹೋಗದು. ಆರೇಳು ವರ್ಷಕ್ಕೆ ಹೊರಬರುವ ಆ ಹಲ್ಲು ದವಡೆಯೊಳಗೆ ಕಟ್ಟಿದ್ದು ಮೊದಲ ಮೂರು ನಾಲ್ಕು ವರ್ಷಗಳಲ್ಲಿ. ಆಗ ಕುಡಿದ ನೀರಿನ ಬರಹ ಅದು.

ಬಾಣಂತಿಯ ಕೈಯಲ್ಲಿ ಇದಕ್ಕೊಂದು ರಕ್ಷೆಯಿದೆ. ತಾಯಿ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೂ ಎದೆಹಾಲಿಗೆ ಅದು ಇಳಿಯುವುದು ಅತಿ ಸ್ವಲ್ಪ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಹನಿ ನೀರೂ ಕೊಡದಿದ್ದರೆ ಅಷ್ಟು ಕಾಲ ಕೂಸು ಪಾರು. ಹಾಲಿನ ಪುಡಿಯನ್ನು ಕೊಳವೆಬಾವಿ ನೀರಿನಲ್ಲಿ ಕಲಸಿದರೆ ಆ ರಕ್ಷೆ ಹೋಯಿತು. ಕಾಯಿಸಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಸಾಯುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಮುಂದೆ ಗಂಜಿ ಶುರುವಾದಾಗ ಹೊಳೆ ನೀರಿನ ಯೋಜನೆಯ ನಲ್ಲಿಯೋ ಕೆಲಸ ಮಾಡುತ್ತಿರುವ ಶುದ್ಧ ನೀರಿನ ಘಟಕವೋ ಇದ್ದರೆ, ಮನೆಮಂದಿಗೆಲ್ಲ ಸಾಲದಿದ್ದರೂ ಕೂಸಿನ ಪಾಲಿನ ಒಂದು ಕೊಡ ಅಲ್ಲಿಂದ ತರಬೇಕು. ಗುಳೆ ಹೋಗುವ ಕುಟುಂಬಗಳಿಗೆ ಇಂಥ ಆಯ್ಕೆಯೂ ಇರುವುದಿಲ್ಲ ಎಂಬುದು ಬೇರೆಯ ನೋವು.

ತಾಯಿಯ ಹುಳುಕಿಗೂ ಕೂಸಿನ ಹುಳುಕಿಗೂ ನಂಟಿದೆ. ಹುಳುಕಿನ ಮುಖ್ಯ ಸೂಕ್ಷ್ಮಾಣು ಕೂಸಿಗೆ ಹೆಚ್ಚಾಗಿ ಸಿಗುವುದು ತಾಯಿಯ ಜೊಲ್ಲಿನಿಂದಲೇ, ರುಚಿ ನೋಡಿದ ಚಮಚದಿಂದ, ಅಗಿದು ಕೊಟ್ಟ ತುತ್ತಿನಿಂದ. ಫಿನ್ಲೆಂಡಿನಲ್ಲಿ ಬಾಣಂತಿಯರಿಗೆ ಕ್ಸೈಲಿಟಾಲ್ ಎಂಬ, ಹುಳಿಯಾಗದ ಸಿಹಿಯ ಅಂಟನ್ನು ಅಗಿಯಲು ಕೊಟ್ಟು ನೋಡಿದರು. ಅಂಟು ಅಗಿದದ್ದು ತಾಯಂದಿರು, ಹುಳುಕು ತಗ್ಗಿದ್ದು ಐದು ವರ್ಷದ ಮಕ್ಕಳಲ್ಲಿ. ಆದ್ದರಿಂದ ಮುದ್ದು ನಿಲ್ಲಿಸಬೇಕಾಗಿಲ್ಲ. ತಾಯಿಯ ಹುಳುಕು ತುಂಬಿಸಿದರೆ ಅರ್ಧ ಕೆಲಸವಾದಂತೆ.

ಇದನ್ನೆಲ್ಲ ಯಾರು ಹೇಳಬೇಕು? ರಾಯಚೂರು ನಗರದಲ್ಲಿ ಎ.ಎಂ.ಇ. ಮತ್ತು ನವೋದಯ ಎಂಬ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ. ದೇವದುರ್ಗದಿಂದ ಸುಮಾರು 50 ಕಿಲೋಮೀಟರ್. ಹಲ್ಲುನೋವಿಗಾಗಿ ಕೂಲಿ ಬಿಟ್ಟು, ಕೂಸನ್ನು ಕಟ್ಟಿಕೊಂಡು ಅಷ್ಟು ದೂರ ಹೋಗುವ ಬಾಣಂತಿ ಅಪರೂಪ. ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ಕಟ್ಟುಹಲ್ಲು ಕೊಡುವ 'ದಂತ ಭಾಗ್ಯ'ವನ್ನು ರಾಜ್ಯ ಸರ್ಕಾರ 2014ರಲ್ಲಿ ತಂದಿತು, ಒಳ್ಳೆಯದೇ. ಆದರೆ ಆ ಹಲ್ಲು ಹೋಗಲಾರಂಭಿಸಿದ್ದು ಇಪ್ಪತ್ತರ ಹರೆಯದ ಬಾಣಂತನದಲ್ಲಿ. 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ನಡೆಯುತ್ತದೆ. ತೂಕ, ರಕ್ತದೊತ್ತಡ, ರಕ್ತ ನೋಡುವ ಆ ಸಾಲಿನಲ್ಲೇ 'ಬಾಯಿ ತೆರೆ ತಾಯಿ' ಎಂದು ಟಾರ್ಚ್ ಹಿಡಿದು ಒಸಡು ನೋಡಲು ಎರಡು ನಿಮಿಷ ಸಾಕು. ಅಂಗನವಾಡಿಯಲ್ಲಿ 2017ರಿಂದ 'ಮಾತೃಪೂರ್ಣ' ಊಟ ಬಡಿಸುವಾಗ ಶೇಂಗಾ ಚಿಕ್ಕಿಯ ಜತೆ 'ತಿಂದ ಮೇಲೆ ಬಾಯಿ ಮುಕ್ಕಳಿಸವ್ವ' ಎಂಬ ಮಾತೊಂದನ್ನೂ ಬಡಿಸಿದರೆ ಖರ್ಚೇನೂ ಬೀಳದು.

ಇನ್ನು ಕೂಸಿನ ಬಾಯಿ. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು ಎನ್ನುತ್ತಾರೆ. ಯಾವ ಹಲ್ಲು ಮೊದಲು ಬಂದರೂ ಮಾವಂದಿರು ನಿಶ್ಚಿಂತೆಯಿಂದ ಇರಬಹುದು. ಹಲ್ಲು ಬರುವ ಮೊದಲೇ ಒದ್ದೆ ಬಟ್ಟೆಯಿಂದ ಒಸಡು ಒರೆಸುವ ರೂಢಿ ಒಳ್ಳೆಯದು. ಜೇನು ನೆಕ್ಕಿಸುವುದು ವರ್ಷ ತುಂಬುವವರೆಗೂ ಬೇಡ. ಅದರಲ್ಲಿರಬಹುದಾದ ಒಂದು ರೋಗಾಣು ಎಳೆಗೂಸಿನ ಪ್ರಾಣಕ್ಕೇ ಎರವಾದೀತು. ಬೆಲ್ಲದ ನೀರಿನ ಬಾಟಲಿ ಬಾಯಲ್ಲಿಟ್ಟು ಮಲಗಿಸುವುದೂ ಬೇಡ. ಸುಮಾರು ಆರನೆಯ ತಿಂಗಳಿಗೆ ಮೊದಲ ಹಲ್ಲು ಮೂಡಿದೊಡನೆ ಚಿಕ್ಕ ಬ್ರಷ್, ಅಕ್ಕಿಕಾಳಿನಷ್ಟೇ ಪೇಸ್ಟ್. ಫ್ಲೋರೈಡ್ ನೀರಿನ ಊರಲ್ಲಿ ಈ ಅಕ್ಕಿಕಾಳಿನ ಲೆಕ್ಕ ಮೀರಬಾರದು, ಕೂಸು ಅದನ್ನು ನುಂಗುತ್ತದೆ. ಆರನೆಯ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಒಂದು ದವಡೆಹಲ್ಲು ಏಳುತ್ತದೆ. ಯಾವ ಹಲ್ಲೂ ಬೀಳದೆ ಬಂದುದರಿಂದ ಅದನ್ನೂ ಹಾಲುಹಲ್ಲೆಂದೇ ತಾಯಂದಿರು ತಿಳಿಯುತ್ತಾರೆ, ಹುಳುಕಾದರೆ ಬಿದ್ದು ಬೇರೆ ಬರುತ್ತದೆಂದು ಸುಮ್ಮನಿರುತ್ತಾರೆ. ಅದು ಜೀವಮಾನದ ಹಲ್ಲು. ಅದರ ಬದಲಿಗೆ ಇನ್ನೊಂದು ಬರುವುದಿಲ್ಲ.