ಎಂಟು ಬೆಕ್ಕುಗಳನ್ನು ಸಾಲಾಗಿ ನಿಲ್ಲಿಸಿದವರು ಯಾರು?

ಎಂಟು ಚಿತ್ರಗಳ ಸಾಲು. ಮೊದಲನೆಯದರಲ್ಲಿ ದುಂಡು ಕಣ್ಣಿನ ಮುದ್ದು ಬೆಕ್ಕು. ಮುಂದೆ ಮುಂದೆ ಹೋದಂತೆ ರೋಮ ನಿಗುರುತ್ತದೆ, ಬಣ್ಣ ಉರಿಯತೊಡಗುತ್ತದೆ, ಕೊನೆಗೆ ಬೆಕ್ಕು ಮಾಯವಾಗಿ ರಂಗೋಲಿಯಂಥ ವಿನ್ಯಾಸವಷ್ಟೇ ಉಳಿಯುತ್ತದೆ. ಮನಶ್ಶಾಸ್ತ್ರದ ಪಠ್ಯಗಳಲ್ಲಿ ದಶಕಗಳ ಕಾಲ ಅಚ್ಚಾದ ಈ ಸಾಲಿಗೆ ಒಂದೇ ಒಕ್ಕಣೆ: ಇಂಗ್ಲೆಂಡಿನ ಕಲಾವಿದ ಲೂಯಿ ವೇನ್‌ಗೆ ಸ್ಕಿಜೋಫ್ರೇನಿಯಾ ಹಂತಹಂತವಾಗಿ ಏರಿದ್ದಕ್ಕೆ ಇದೇ ಸಾಕ್ಷಿ.

ಆದರೆ ಈ ಸಾಲು ವೇನ್ ಮಾಡಿದ್ದಲ್ಲ. ಅವನು ತೀರಿಕೊಂಡದ್ದು 1939ರಲ್ಲಿ. ಅದೇ ಸುಮಾರಿಗೆ ವಾಲ್ಟರ್ ಮ್ಯಾಕ್ಲೇ ಎಂಬ ಮನೋವೈದ್ಯರಿಗೆ ಲಂಡನ್ನಿನ ಅಂಗಡಿಯೊಂದರಲ್ಲಿ ಈ ಚಿತ್ರಗಳು ಸಿಕ್ಕವು. ಒಂದರ ಮೇಲೂ ತಾರೀಖಿಲ್ಲ. ಕಾಯಿಲೆ ಹೀಗೆ ಬೆಳೆದಿರಬೇಕೆಂದು ಊಹಿಸಿ ಮ್ಯಾಕ್ಲೇ ಅವನ್ನು ಜೋಡಿಸಿದರು. ಆಮೇಲೆ ಬಂದವರು ಆ ಜೋಡಣೆಯನ್ನೇ ತೋರಿಸಿ, ನೋಡಿ, ಊಹೆ ನಿಜವಾಯಿತು ಎಂದರು!

ವೇನ್ ಆಸ್ಪತ್ರೆ ಸೇರಿದ್ದು ಸುಳ್ಳಲ್ಲ. ಚಹಾ ಕುಡಿಯುವ, ಇಸ್ಪೀಟಾಡುವ ಅವನ ಬೆಕ್ಕುಗಳು ಒಂದು ಕಾಲಕ್ಕೆ ಇಂಗ್ಲೆಂಡಿನ ಮನೆಮನೆಯಲ್ಲೂ ಇದ್ದವು. ದುಡ್ಡು ಮಾತ್ರ ಅವನ ಕೈಯಲ್ಲಿ ನಿಲ್ಲಲಿಲ್ಲ. 1924ರಲ್ಲಿ ಅವನು ಹುಚ್ಚಾಸ್ಪತ್ರೆಯ ಬಡವರ ವಾರ್ಡಿನಲ್ಲಿದ್ದ. ಸುದ್ದಿ ತಿಳಿದ ಎಚ್.ಜಿ. ವೆಲ್ಸ್ ಮೊದಲಾದವರು ದನಿಗೂಡಿಸಿದ ಮೇಲೆ, 1925ರಲ್ಲಿ ಬೆತ್ಲೆಮ್ ಆಸ್ಪತ್ರೆಗೆ ಕಳಿಸಿದರು. ಆ ವರ್ಷಗಳಲ್ಲೂ ಅವನು ಹಳೆಯ ಮುದ್ದು ಬೆಕ್ಕುಗಳನ್ನು ಬರೆಯುತ್ತಲೇ ಇದ್ದ. ವಿನ್ಯಾಸದ ಬೆಕ್ಕುಗಳನ್ನೂ ಬರೆದ. ಕಾಯಿಲೆಯ ಹೆಸರಿನ ಬಗ್ಗೆಯೇ ನಂತರದ ವೈದ್ಯರಲ್ಲಿ ಒಮ್ಮತವಿಲ್ಲ. ಅವನ ತಂದೆ ಜವಳಿ ವ್ಯಾಪಾರಿ, ತಾಯಿ ರತ್ನಗಂಬಳಿಗಳಿಗೆ ವಿನ್ಯಾಸ ಬಿಡಿಸುತ್ತಿದ್ದವಳು. ಇಳಕಲ್ ಸೀರೆಯ ಸೆರಗು ನೋಡಿ ನೇಕಾರನಿಗೆ ತಲೆ ಕೆಟ್ಟಿದೆ ಎನ್ನುತ್ತೇವೆಯೇ?

ಈಜಿಪ್ಟಿನ ಕಂಚಿನ ಬೆಕ್ಕುಗಳ ಕತೆಯೂ ಸ್ವಲ್ಪ ಹೀಗೆಯೇ. ಅವನ್ನು ನೋಡಿದವರು ಅಲ್ಲಿ ಬೆಕ್ಕಿಗೆ ನೋವೇ ಇರಲಿಲ್ಲ ಎಂದುಕೊಳ್ಳುತ್ತಾರೆ. ಅವು ಬಾಸ್ಟೆಟ್ ದೇವತೆಗೆ ಒಪ್ಪಿಸುತ್ತಿದ್ದ ಹರಕೆ. ಬೆಕ್ಕಿನ ಮಮ್ಮಿಗಳೂ ಹರಕೆಯೇ, ಎಕ್ಸ್‌ರೇ ತೆಗೆದರೆ ಅವುಗಳಲ್ಲಿ ಎಷ್ಟೋ ಎಳೆಯ ಮರಿಗಳು, ಕತ್ತು ಮುರಿದವು. 1890ರಲ್ಲಿ ಇಂಥ ಸುಮಾರು 19 ಟನ್ ಮಮ್ಮಿಗಳು ಹಡಗೇರಿ ಲಿವರ್‌ಪೂಲ್ ತಲುಪಿ ಹೊಲಕ್ಕೆ ಗೊಬ್ಬರವಾದವು.

ನಮ್ಮ ಕಡೆಯ ಬೆಕ್ಕುಗಳನ್ನು ನಾವು ತಪ್ಪಾಗಿ ಓದುವ ಬಗೆಯೇ ಬೇರೆ. 19ನೇ ಶತಮಾನದ ಕೋಲ್ಕತಾದ ಕಾಳಿಘಾಟ್ ಪಟಗಳಲ್ಲಿ ಸಿಗಡಿಯನ್ನೋ ಮೀನನ್ನೋ ಕಚ್ಚಿಕೊಂಡ ಬೆಕ್ಕಿದೆ. ಸಾಕುಬೆಕ್ಕಿನ ಚಂದದ ಚಿತ್ರವೆಂದು ಗೋಡೆಗೆ ತೂಗುಹಾಕುತ್ತೇವೆ. ಅದರ ಹಣೆ ನೋಡಿ. ಹಲವು ಪಟಗಳಲ್ಲಿ ಅಲ್ಲಿ ಅಚ್ಚುಕಟ್ಟಾದ ವೈಷ್ಣವ ನಾಮ! ಮೀನು ಮುಟ್ಟೆನೆಂದು ಹೇಳಿ ಕದ್ದು ತಿನ್ನುವ ಕಪಟ ಸಾಧುವಿನ ಗೇಲಿ ಅದು.

ಈ ಗೇಲಿಗೆ ಸಾವಿರ ವರ್ಷಕ್ಕೂ ಹಿಂದಿನ ಹಿರಿಯಣ್ಣ ಮಹಾಬಲಿಪುರದಲ್ಲಿದ್ದಾನೆ. 7ನೇ ಶತಮಾನದ ಪಲ್ಲವರ ದೊಡ್ಡ ಬಂಡೆಗೆತ್ತನೆ. ಅರ್ಜುನನ ತಪಸ್ಸೋ ಗಂಗಾವತರಣವೋ ಎಂದು ಪಂಡಿತರು ಇನ್ನೂ ವಾದಿಸುತ್ತಿದ್ದಾರೆ. ಪ್ರವಾಸಿಗರು ಆನೆಗಳ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಆನೆಗಳ ಹತ್ತಿರವೇ, ಕೆಳಗಡೆ, ಒಂದು ಬೆಕ್ಕು ಹಿಂಗಾಲ ಮೇಲೆ ನಿಂತು ಮುಂಗಾಲುಗಳನ್ನು ತಲೆಯ ಮೇಲೆತ್ತಿ ಘೋರ ತಪಸ್ಸು ಮಾಡುತ್ತಿದೆ. ಅದರ ಕಾಲಬುಡದಲ್ಲಿ ಇಲಿಗಳು ನಿಶ್ಚಿಂತೆಯಿಂದಿವೆ.